ಎರೆಹೊಲದ ಬಿದಿರು

1864ರಲ್ಲಿ ಸೂಪಾ ಕಾಡಿನ ಬಿದಿರು ಒಟ್ಟಿಗೇ ಹೂ ಬಿಟ್ಟಿತು. ಸುದ್ದಿ ಬಯಲುಸೀಮೆ ಮುಟ್ಟಿದ್ದೇ ತಡ, ಧಾರವಾಡ ಮತ್ತು ಬೆಳಗಾವಿ ಜಿಲ್ಲೆಗಳಿಂದ ಐವತ್ತು ಸಾವಿರ ಜನ ಬಿದಿರಕ್ಕಿ ಕೂಡಿಸಲು ಆ ಕಾಡು ಹೊಕ್ಕರೆಂದು ಆಗಿನ ಬ್ರಿಟಿಷ್ ಅಧಿಕಾರಿಗಳು ಬರೆದಿಟ್ಟಿದ್ದಾರೆ. ಒಂದೊಂದು ತಂಡ ಹತ್ತು–ಹದಿನಾಲ್ಕು ದಿನ ಅಲ್ಲೇ ಬೀಡುಬಿಟ್ಟಿತು. ಮಳೆಗಾಲ ಕಳೆಯುವಷ್ಟು ಕಾಳು ಮನೆಗೆ, ಉಳಿದದ್ದು ಸಂತೆಗೆ. ಅಮೆರಿಕದ ಅಂತರ್ಯುದ್ಧದಿಂದಾಗಿ ಧಾರವಾಡದ ಹತ್ತಿಗೆ ಎಲ್ಲಿಲ್ಲದ ಬೆಲೆ ಬಂದಿದ್ದ ವರ್ಷಗಳವು. ಹತ್ತಿ ಬೆಳೆದ ನಾಡಿನ ಜನವೇ ಹೊಟ್ಟೆಗೆ ಕಾಳು ಹುಡುಕಿ ಕಾಡಿಗೆ ಹೊರಟಿದ್ದರು.

ಆಗಿನ ಧಾರವಾಡ ಜಿಲ್ಲೆ ಎಂದರೆ ಗದಗ, ರೋಣದ ಸೀಮೆಯೂ ಸೇರಿದ ಜಿಲ್ಲೆ. ಇಂದು ಗದಗ ಜಿಲ್ಲೆಯ ಗಜೇಂದ್ರಗಡ ತಾಲ್ಲೂಕಿನಲ್ಲಿರುವ, ಮೊದಲು ರೋಣ ತಾಲ್ಲೂಕಿಗೆ ಸೇರಿದ್ದ ಮುಶಿಗೇರಿಯಂಥ ಊರುಗಳಿಂದ ದಾಂಡೇಲಿ, ಸೂಪಾದ ಕಾಡು ನೂರೈವತ್ತು ಕಿಲೋಮೀಟರಿಗೂ ದೂರ. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ನೆಲ ನೋಡಿದರೆ ಬಿಳಿಜೋಳ, ಕಡಲೆ, ಕುಸುಬೆ, ಹತ್ತಿಯ ನೆಲ. ಬಿದಿರು ಮೆಳೆ ತಾನಾಗಿ ಎದ್ದು ನಿಲ್ಲುವ ಜಾಗವಲ್ಲ ಇದು. ಆದರೂ ಬಿತ್ತನೆಯಿಂದ ರಾಶಿಯವರೆಗೆ, ತೊಟ್ಟಿಲಿನಿಂದ ಸಿದಿಗೆಯವರೆಗೆ ಈ ಸೀಮೆಯ ಬದುಕು ಬಿದಿರಿಲ್ಲದೆ ನಡೆದದ್ದೇ ಇಲ್ಲ. ಎರೆಹೊಲದ ರೈತನಿಗೂ ಪಡುವಣ ಕಾಡಿಗೂ ನಡುವೆ ಒಂದು ನಂಟಿತ್ತು. ಅದು ಹೇಗಿತ್ತು, ಯಾರಿಂದ ನಡೆಯಿತು, ಎಲ್ಲಿ ಕಡಿಯಿತು ಎಂದು ವಿಚಾರಿಸುತ್ತ ಹೋದರೆ ಬುಟ್ಟಿ ಹೆಣಿಗೆಯ ಕಥೆ ಎಂದುಕೊಂಡದ್ದು ಕಾಡು, ಕಾರ್ಖಾನೆ, ಕಾನೂನುಗಳ ಕಥೆಯಾಗಿ ಬಿಚ್ಚಿಕೊಳ್ಳುತ್ತದೆ.

ಕೂರಿಗೆಯ ಕೊಳವೆ

ಬಿದಿರು ಎಂದರೆ ನೆನಪಾಗುವುದು ಬುಟ್ಟಿ, ಮೊರ. ನನ್ನ ಮಟ್ಟಿಗೆ ಈ ಸೀಮೆಗೆ ಬಿದಿರು ಕೊಟ್ಟ ದೊಡ್ಡ ವಸ್ತು ಕೂರಿಗೆಯ ಕೊಳವೆ. ಕೂರಿಗೆಯ ದಿಂಡಿಗೆ ಎರಡೋ ಮೂರೋ ನಾಲ್ಕೋ ತಾಳು. ಒಂದೊಂದು ತಾಳಿಗೂ ಒಂದೊಂದು ಬಿದಿರು ಕೊಳವೆ. ಕೊಳವೆಗಳೆಲ್ಲ ಮೇಲೆ ಒಂದೇ ಕಟ್ಟಿಗೆಯ ಬಟ್ಟಲಿಗೆ ಬಂದು ಕೂಡುತ್ತವೆ. ತಾಳು ಎಷ್ಟೋ ಬಟ್ಟಲಿನ ತಳದಲ್ಲಿ ತೂತು ಅಷ್ಟು. ಎತ್ತು ಮುಂದೆ ಸಾಗುತ್ತಿದ್ದಂತೆ ಬಿತ್ತುವಾಕೆ ಉಡಿಯೊಳಗಿನ ಬೀಜ ಹಿಡಿದು, ಬೆರಳ ಸಂದಿಯಿಂದ ಒಂದೇ ಸಮನೆ ಬಟ್ಟಲಿಗೆ ಬಿಡುತ್ತ ನಡೆಯುತ್ತಾಳೆ. ಕೈ ಎಲ್ಲಾದರೂ ತಪ್ಪಿತೋ, ಹತ್ತು ದಿನದ ಮೇಲೆ ಸಾಲು ಅದನ್ನು ಊರಿಗೆಲ್ಲ ತೋರಿಸುತ್ತದೆ. ಬಿದಿರಿನ ಒಳಮೈ ನುಣುಪು, ಕಾಳು ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ. ಗೆಣ್ಣಿನ ತಡೆ ಒಡೆದು ತೆಗೆದರೆ ಕೊಳವೆ ಸಿದ್ಧ. ಹಗುರ, ಸೀಳಿದರೆ ಹೊತ್ತು ಮುಳುಗುವುದರೊಳಗೆ ಇನ್ನೊಂದನ್ನು ಹಾಕಿಕೊಳ್ಳಬಹುದು. ಹಿಂಗಾರಿ ಬಿತ್ತನೆಗೆ ಸಿಗುವ ಹದ ನಾಲ್ಕೇ ದಿನದ್ದು. ಅಂಥಲ್ಲಿ ಊರಲ್ಲೇ ರಿಪೇರಿಯಾಗುವ ಸಾಧನದ ಬೆಲೆ ಏನೆಂದು ರೈತರಿಗೆ ಹೇಳಬೇಕಿಲ್ಲ.

ಕೂರಿಗೆಯ ಹಿಂದೆ ಹಗ್ಗಕ್ಕೆ ಬಿಗಿದು ಎಳೆಯುವ ಸೆಡ್ಡೆಯೂ ಬಿದಿರಿನದೇ. ತುದಿ ಚೂಪು ಮಾಡಿದ ಒಂಟಿ ಕೊಳವೆ, ಮೇಲೊಂದು ಚಿಕ್ಕ ಬಟ್ಟಲು. ಮುಖ್ಯ ಬೆಳೆಯ ಸಾಲುಗಳ ನಡುವೆ ಅಕ್ಕಡಿ ಸಾಲು ಬೀಳುವುದು ಅದರಿಂದ. ಜೋಳದಲ್ಲೋ ಕಡಲೆಯಲ್ಲೋ ಕುಸುಬೆಯ ಸಾಲು, ಒಂದು ಬೆಳೆ ಕೈಕೊಟ್ಟರೂ ಇನ್ನೊಂದು ಮನೆಗೆ ಬರಲಿ ಎಂಬ ಮಳೆಯಾಶ್ರಯದ ಲೆಕ್ಕಾಚಾರ. ಆ ಲೆಕ್ಕವನ್ನು ನೆಲಕ್ಕಿಳಿಸಿದ್ದು ಒಂದು ತುಂಡು ಬಿದಿರು.

1790ರ ದಶಕದಲ್ಲಿ ಥಾಮಸ್ ಹ್ಯಾಲ್ಕಾಟ್ ಎಂಬ ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ಆಂಧ್ರದ ಹೊಲಗಳಲ್ಲಿ ಇಂಥದೇ ಕೂರಿಗೆ ಕಂಡು ಬೆರಗಾದ. ಸಾಲು ಬಿತ್ತನೆ ಈಚಿನ ಕಾಲದ ಯುರೋಪಿನ ಆವಿಷ್ಕಾರ ಎಂದುಕೊಂಡಿದ್ದವನಿಗೆ, ಇಲ್ಲಿನ ಸಾಮಾನ್ಯ ರೈತರು ಯಾವುದೋ ಕಾಲದಿಂದ ಅದನ್ನು ಮಾಡುತ್ತ ಬಂದಿದ್ದಾರೆಂದು ತಿಳಿಯಿತು. ಅವನ ಪತ್ರಗಳನ್ನು ಧರ್ಮಪಾಲರು 1971ರಲ್ಲಿ, ಹದಿನೆಂಟನೇ ಶತಮಾನದ ಭಾರತದ ವಿಜ್ಞಾನ–ತಂತ್ರಜ್ಞಾನ ಕುರಿತ ತಮ್ಮ ಗ್ರಂಥದಲ್ಲಿ ಮತ್ತೆ ಬೆಳಕಿಗೆ ತಂದರು. ಇಂದು ಟ್ರ್ಯಾಕ್ಟರಿನ ಹಿಂದೆ ಓಡುವ ಕೂರಿಗೆಗಳಲ್ಲಿ ಕೊಳವೆಯ ಜಾಗಕ್ಕೆ ಪ್ಲಾಸ್ಟಿಕ್ ಪೈಪು ಬಂದಿದೆ. ತತ್ವ ಮಾತ್ರ ಅದೇ.

ಬೆಳೆ ಬಂದ ಮೇಲಿನ ಕೆಲಸಕ್ಕೂ ಬಿದಿರೇ. ಗೊಬ್ಬರ ಹೊರುವ ಹೆಡಿಗೆ, ಕಣದಲ್ಲಿ ತೂರುವ ಮೊರ, ಹೊಟ್ಟು ತುಂಬುವ ದೊಡ್ಡ ಬುಟ್ಟಿ, ಚಕ್ಕಡಿಗೆ ಸುತ್ತಲೂ ಕಟ್ಟುವ ತಟ್ಟಿ. ಸೆಗಣಿ–ಮಣ್ಣು ಮೆತ್ತಿದ ಕಣಜದೊಳಗೆ ಜೋಳ ಕೆಡದೆ ಉಳಿಯುತ್ತಿತ್ತು. ಹಗೇವು ನೆಲದೊಳಗಿನ ಉಗ್ರಾಣವಾದರೆ ಕಣಜ ನೆಲದ ಮೇಲಿನದು. ಕುರಿ ಕಾಯುವವರಿಗೆ ಎಳೆಮರಿ ಕವುಚಿಡಲು ಬುಟ್ಟಿ ಬೇಕು, ಕೈಗೆ ಗಟ್ಟಿ ಬಡಿಗೆ ಬೇಕು. ಅಡುಗೆಮನೆಯಲ್ಲಿ ರೊಟ್ಟಿಬುಟ್ಟಿ. ಕಟಕ ರೊಟ್ಟಿ ದಿನಗಟ್ಟಲೆ ಮೆತ್ತಗಾಗದೆ ಉಳಿಯುವುದು ಹೆಣಿಗೆಯ ಸಂದಿಯಲ್ಲಿ ಗಾಳಿ ಆಡುವುದರಿಂದ. ಸ್ಟೀಲಿನ ಡಬ್ಬಿಗೆ ಆ ಗುಣವಿಲ್ಲ. ಗಜೇಂದ್ರಗಡ ಪಟ್ಟೇದಂಚಿನ ಸೀರೆಗೆ ಹೆಸರಾದ ಊರು. ಉಕ್ಕಿನ ಹಣಿಗೆ ಬರುವ ಮುಂಚೆ ಕೈಮಗ್ಗಗಳಲ್ಲಿ ಹಾಸಿನ ಎಳೆಗಳನ್ನು ಬೇರೆಬೇರೆ ಹಿಡಿದು ಹೊಕ್ಕನ್ನು ಬಡಿದು ಕೂರಿಸುತ್ತಿದ್ದ ಹಣಿಗೆಯ ಹಲ್ಲುಗಳೂ ಸಣ್ಣಗೆ ಸೀಳಿದ ಬಿದಿರಿನವೇ.

ದೇವರುಗಳಿಗೂ ಬಿದಿರು ಬೇಕು. ಭಾದ್ರಪದದಲ್ಲಿ ಗಣಪತಿ ಹಬ್ಬದ ಬೆನ್ನಿಗೇ ಬರುವ ಜೋಕುಮಾರ ಊರೂರು ಸುತ್ತುವುದು ಬುಟ್ಟಿಯಲ್ಲಿ ಕೂತು. ಬೇವಿನ ಸೊಪ್ಪಿನ ನಡುವೆ ಮಣ್ಣಿನ ಮೂರ್ತಿ, ಹೊತ್ತ ಹೆಣ್ಣುಮಕ್ಕಳ ಸುತ್ತ ಹಾಡು, ಮನೆಯವರು ಮೊರದಲ್ಲಿ ತಂದು ನೀಡುವ ಕಾಳು. ಮಳೆ ತರುವ ದೇವರು ಇವನೆಂದು ರೈತರ ನಂಬಿಕೆ. ಸವದತ್ತಿ ಎಲ್ಲಮ್ಮನ ಭಕ್ತರು ಪಡ್ಡಲಗಿ ತುಂಬಿಸುತ್ತಾರೆ, ಜೋಗತಿಯರು ತಲೆಯ ಮೇಲೆ ಜಗ ಹೊರುತ್ತಾರೆ. ಎರಡಕ್ಕೂ ಆಧಾರ ಬಿದಿರ ಬುಟ್ಟಿ. ವೀರಭದ್ರನ ಮುಂದೆ ಕುಣಿಯುವ ನಂದಿಕೋಲು ಉದ್ದನೆಯ ಬಿದಿರ ಗಳ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಚರಗ ಹೋಗುವುದು ಬುಟ್ಟಿಯಲ್ಲೇ. ಮದುವೆಯ ಹಂದರಕ್ಕೆ ಗಳ ಬೇಕು. ಸತ್ತಾಗ ಕೆಲವರಿಗೆ ಸಿದಿಗೆ, ಲಿಂಗಾಯತರಿಗೆ ವಿಮಾನ. ಸಾವಿನ ಮನೆಯಿಂದ ಮೊದಲು ಆಳು ಓಡುತ್ತಿದ್ದುದು ಮೇದಾರರ ಓಣಿಗೆ.

ಎರಡು ಬಿದಿರು

ಕರ್ನಾಟಕದ ಕಾಡಿನಲ್ಲಿ ಹೆಚ್ಚಾಗಿ ಕಾಣುವವು ಎರಡು ಜಾತಿ. ಒಂದು ಹೆಬ್ಬಿದಿರು, ಶಾಸ್ತ್ರೀಯ ಹೆಸರು ಬ್ಯಾಂಬೂಸಾ ಬ್ಯಾಂಬೋಸ್. ತೇವವಿರುವ ಕಾಡು, ಹೊಳೆದಂಡೆ ಅದಕ್ಕೆ ಇಷ್ಟ. ಮೂವತ್ತು ಮೀಟರ್‌ವರೆಗೂ ಏರುತ್ತದೆ. ಬುಡದ ಸುತ್ತ ಮುಳ್ಳುಗೊಂಬೆಗಳು ಹೆಣೆದುಕೊಂಡು ಕೋಟೆ ಕಟ್ಟಿರುತ್ತವೆ. ಇನ್ನೊಂದು ಕಿರುಬಿದಿರು, ಡೆಂಡ್ರೊಕಲಾಮಸ್ ಸ್ಟ್ರಿಕ್ಟಸ್. ವಿಲಿಯಂ ರಾಕ್ಸ್‌ಬರೋ ಕೋರಮಂಡಲ ಕರಾವಳಿಯ ಸಸ್ಯಗಳ ಗ್ರಂಥದಲ್ಲಿ 1798ರಲ್ಲಿ ಇದನ್ನು ವಿವರಿಸಿದ. ಈಗಿನ ಹೆಸರು 1834ರದ್ದು. ಎಂಟರಿಂದ ಹದಿನಾರು ಮೀಟರ್ ಎತ್ತರ, ಮುಳ್ಳಿಲ್ಲ, ಬೇಸಿಗೆಯಲ್ಲಿ ಎಲೆ ಉದುರಿಸಿ ಬರ ತಾಳುತ್ತದೆ. ಕಲ್ಲುನೆಲ, ಗುಡ್ಡದ ಇಳಿಜಾರಿನಲ್ಲೂ ಬದುಕುತ್ತದೆ. ನೆಲ ಒಣಗಿದಷ್ಟೂ ಇದರ ಗಳ ಗಟ್ಟಿ. ತೀರ ಒಣ ಜಾಗದಲ್ಲಿ ಒಳಟೊಳ್ಳೇ ಇಲ್ಲದೆ ತುಂಬಿಕೊಂಡಿರುತ್ತದೆ. ಪೊಲೀಸರ ಲಾಠಿ, ಕುರುಬರ ಬಡಿಗೆ, ಏಣಿಯ ಮೆಟ್ಟಿಲು ಇದರಿಂದ. ಸ್ವಲ್ಪ ತೇವವಿದ್ದ ಕಡೆ ಬೆಳೆದದ್ದು ಟೊಳ್ಳಾಗಿ, ಸೀಳಲು ಬಾಗಿಸಲು ಒದಗುತ್ತದೆ.

ಎರಡೂ ಹುಲ್ಲಿನ ಕುಲದವು. ಮಳೆ ಬಿದ್ದಾಗ ಏಳುವ ಮೊಳಕೆ ಹೊರಬರುವಾಗಲೇ ತನ್ನ ಪೂರ್ತಿ ದಪ್ಪ ಪಡೆದಿರುತ್ತದೆ. ಕೆಲವೇ ತಿಂಗಳಲ್ಲಿ ಪೂರ್ತಿ ಎತ್ತರ. ಆಮೇಲೆ ಬೆಳೆಯುವುದಿಲ್ಲ, ಬಲಿಯುತ್ತದೆ ಅಷ್ಟೇ. ಕಟ್ಟಡಕ್ಕೆ, ಗಳಕ್ಕೆ ಮೂರು ವರ್ಷ ದಾಟಿದ ಬಿದಿರು ಬೇಕು. ಬುಟ್ಟಿಗೆ ಅದು ಬಾರದು, ಮುರಿಯುತ್ತದೆ. ಹೆಣೆಯುವವರಿಗೆ ಬೇಕಾದದ್ದು ಒಂದೆರಡು ವರ್ಷದ ಹಸಿ ಬಿದಿರು. ಈ ವ್ಯತ್ಯಾಸವನ್ನು ಓದುಗರು ನೆನಪಿಟ್ಟುಕೊಂಡರೆ ಮುಂದಿನ ಮಾತು ಸಲೀಸಾಗಿ ತಿಳಿಯುತ್ತದೆ. ಕಡಿಯುವ ಕಾಲವೂ ಮುಖ್ಯ. ಗಳದೊಳಗಿನ ಪಿಷ್ಟವೇ ಕೊರೆಯುವ ಹುಳಕ್ಕೆ ಆಹಾರ. ಹೊಸ ಮೊಳಕೆಗೆ ಬೇಕಾದ ಕೂಳು ತಾಯಿಗಳದಲ್ಲಿ ಸಂಗ್ರಹವಾಗುವುದು ಬೇಸಿಗೆಯಲ್ಲಾದ್ದರಿಂದ ಮಳೆಗಾಲ ಮುಗಿದು ಚಳಿ ಹಿಡಿದಾಗ ಕಡಿಯುತ್ತಾರೆ. ಆಮೇಲೆ ಕೆಲ ವಾರ ನೀರಲ್ಲಿ ಮುಳುಗಿಸಿಟ್ಟರೆ ಉಳಿದ ಪಿಷ್ಟವೂ ಇಳಿದುಹೋಗುತ್ತದೆ.

ಹುಳದ ಮಾತು ಬಂದಾಗ ಮೇದಾರ ಕೇತಯ್ಯ ನೆನಪಾಗುತ್ತಾನೆ. ಹನ್ನೆರಡನೇ ಶತಮಾನದ ಶರಣ, ಬಿದಿರ ಕಾಯಕದವನು, ಹೆಂಡತಿ ಸಾತವ್ವ, ವಚನಗಳ ಅಂಕಿತ ಗವರೇಶ್ವರ. ಕಡಿದ ಬಿದಿರೊಳಗೆ ಹೊನ್ನು ಕಂಡಾಗ ಇದು ಹುಳ ಬಿದ್ದ ಬಿದಿರೆಂದು ಅಲ್ಲೇ ಬಿಟ್ಟು ಬಂದನೆಂದು ಅವನ ಬಗ್ಗೆ ಜನ ಹೇಳುವ ಕಥೆಯೊಂದಿದೆ. ಕಸುಬುದಾರನ ಕಣ್ಣು ಹೇಗಿರುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಕಥೆಯನ್ನು ನಾನು ಕೇಳಿಲ್ಲ. ಬುಟ್ಟಿಗೆ ಬಾರದ ಬಿದಿರಲ್ಲಿ ಏನಿದ್ದರೂ ಅವನಿಗೆ ಅದು ಕೆಟ್ಟ ಬಿದಿರು.

ಉತ್ತರ ಕರ್ನಾಟಕದಲ್ಲಿ ಮೇದಾರರನ್ನು ಬುರುಡರೆಂದೂ ಕರೆಯುತ್ತಾರೆ. ಬಯಲಿನ ಊರುಗಳಲ್ಲಿ ಒಂದೆರಡು ಮನೆ, ಸಂತೆಯೂರುಗಳಲ್ಲಿ ಒಂದು ಓಣಿ ಎಂಬಂತೆ ಚದುರಿ ನೆಲೆಸಿದವರು. ಹಳಿಯಾಳ, ಕಲಘಟಗಿ, ಯಲ್ಲಾಪುರದ ಕಡೆಯಿಂದ ಬಿದಿರು ತರಿಸಿ, ಗಳವನ್ನು ದಬ್ಬೆಗಳಾಗಿ ಸೀಳಿ, ದಬ್ಬೆಯ ಹೊರಮೈ ಒಳಮೈ ಬೇರೆ ಮಾಡಿ, ಗಟ್ಟಿಯಾದ ಹೊರಪದರವನ್ನು ಅಂಚಿಗೆ, ಬುಡಕ್ಕೆ, ಮೆತ್ತನೆಯ ಒಳಪದರವನ್ನು ಹೊಟ್ಟೆಭಾಗಕ್ಕೆ ಹಚ್ಚುವುದು ಅವರ ಲೆಕ್ಕ. ಸೀಳುವ ಕೆಲಸ ಹೆಚ್ಚಾಗಿ ಗಂಡಸರದು, ಹೆಣಿಗೆಯಲ್ಲಿ ಹೆಂಗಸರ ಕೈ ಮುಂದು. ಸುಗ್ಗಿಯಲ್ಲಿ ರೈತರು ಕೊಡುತ್ತಿದ್ದ ಕಾಳೇ ವರ್ಷದ ಕೂಲಿಯಾಗಿದ್ದ ಕಾಲವೊಂದಿತ್ತು. ಜೋಳ ಬೆಳೆಯದ ಮೇದಾರರು ಜೋಳ ಉಂಡರು. ಬಿದಿರು ಬೆಳೆಯದ ರೈತರು ಬಿದಿರಲ್ಲಿ ಬಿತ್ತಿ, ಬಿದಿರಲ್ಲಿ ತುಂಬಿದರು.

ಟನ್ನಿಗೆ ಒಂದೂವರೆ ರೂಪಾಯಿ

ಈ ನಂಟು ಹಳಸಿದ್ದಕ್ಕೆ ಎಲ್ಲರೂ ಪ್ಲಾಸ್ಟಿಕ್ಕನ್ನು ದೂರುತ್ತಾರೆ. ಅದು ಅರ್ಧ ನಿಜ. ಪ್ಲಾಸ್ಟಿಕ್ ಬುಟ್ಟಿ ಸಂತೆಗೆ ಬರುವ ಮೊದಲೇ ಮೇದಾರರ ಕೈಗೆ ಬಿದಿರು ಸಿಗದಂತಾಗಿತ್ತು.

ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ದಾಂಡೇಲಿಯಲ್ಲಿ ಸ್ಥಾಪನೆಯಾದದ್ದು 1955ರಲ್ಲಿ. ಕಾಗದಕ್ಕೆ ಉದ್ದ ನಾರು ಬೇಕು, ಬಿದಿರಿನಲ್ಲಿ ಅದಿದೆ. ಸರ್ಕಾರ ಕಾರ್ಖಾನೆಗೆ ಉತ್ತರ ಕನ್ನಡದ ಬಿದಿರನ್ನು ಗುತ್ತಿಗೆ ಕೊಟ್ಟಿತು. ಮೊದಮೊದಲು ಕಾರ್ಖಾನೆ ತೆತ್ತ ಬೆಲೆ ಟನ್ನಿಗೆ ಒಂದೂವರೆ ರೂಪಾಯಿ ಎಂದು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಬರೆದಿದ್ದಾರೆ. ಅದೇ ಬಿದಿರಿಗೆ ಮಾರುಕಟ್ಟೆಯಲ್ಲಿ ಬುಟ್ಟಿ ಹೆಣೆಯುವವರು ಅದರ ಎಷ್ಟೋ ಪಟ್ಟು ಕೊಡಬೇಕಿತ್ತು. ಅಗ್ಗವಾಗಿ ಸಿಕ್ಕದ್ದನ್ನು ಜೋಪಾನ ಮಾಡುವ ಅಗತ್ಯ ಕಾರ್ಖಾನೆಗೆ ಬೀಳಲಿಲ್ಲ. ಒಂದು ಕಾಡಿನ ಬಿದಿರು ಮುಗಿದರೆ ಇನ್ನೊಂದು ಕಾಡು, ಆಮೇಲೆ ಬೇರೆ ರಾಜ್ಯ, ಕೊನೆಗೆ ನೀಲಗಿರಿ ನೆಡುತೋಪು.

1970ರ ದಶಕದಲ್ಲಿ ಬುಟ್ಟಿ ಹೆಣೆಯುವವರ ಅಳಲು ಬೆಂಗಳೂರಿಗೆ ಮುಟ್ಟಿತು. ಆಗ ರಾಜ್ಯದ ಹಣಕಾಸು ಸಚಿವರಾಗಿದ್ದವರು ಸಂಡೂರಿನ ಎಂ.ವೈ. ಘೋರ್ಪಡೆ, ಕಾಡು–ಪ್ರಾಣಿಗಳ ಛಾಯಾಗ್ರಾಹಕರೂ ಆಗಿದ್ದ ಅಪರೂಪದ ರಾಜಕಾರಣಿ. ಅವರ ಆಸಕ್ತಿಯಿಂದ ಭಾರತೀಯ ವಿಜ್ಞಾನ ಸಂಸ್ಥೆಯ ಗಾಡ್ಗೀಳ್ ಮತ್ತು ಅವರ ಸಹೋದ್ಯೋಗಿ ಎಸ್.ಎನ್. ಪ್ರಸಾದ್ ರಾಜ್ಯದ ಬಿದಿರಿನ ಅಧ್ಯಯನಕ್ಕೆ ಇಳಿದರು. ಅವರು ಕಂಡದ್ದರಲ್ಲಿ ಒಂದು ಸಂಗತಿ ಈ ಇಡೀ ಕಥೆಯ ಕೀಲಿಕೈ ಎಂದು ನನಗೆ ಅನ್ನಿಸುತ್ತದೆ.

ಹೆಬ್ಬಿದಿರ ಬುಡದ ಮುಳ್ಳುಕೋಟೆಯನ್ನು ಸವರಿ ತೆಗೆದರೆ ಮೆಳೆಗೆ ಗಾಳಿ ಆಡಿ, ಮೊಳಕೆ ಹೆಚ್ಚು ಏಳುತ್ತದೆ ಎಂಬುದು ಅರಣ್ಯಶಾಸ್ತ್ರದ ಪಾಠ. ಕಾರ್ಖಾನೆಗೂ ಅದೇ ಅನುಕೂಲ. ಬುಡಕ್ಕೇ ಕಡಿದರೆ ಹೆಚ್ಚು ನಾರು. ಕಾಡಂಚಿನ ಊರಿನವರು ಮಾತ್ರ ಬೇರೆ ಹೇಳಿದರು: ಮುಳ್ಳು ತೆಗೆದರೆ ಬಿದಿರು ಸಾಯುತ್ತದೆ. ಅವರು ಮುಳ್ಳಿನ ಗೋಡೆಯನ್ನು ಮುಟ್ಟದೆ ಅದರ ಮೇಲ್ಗಡೆಗೆ ಕಡಿಯುತ್ತಿದ್ದರು. ವಿಜ್ಞಾನಿಗಳು ಮೆಳೆಗಳನ್ನು ಗುರುತು ಹಾಕಿ, ಅಳೆದು ನೋಡಿದಾಗ ಹಳ್ಳಿಯವರ ಮಾತೇ ಸರಿಯೆಂದು ಸಾಬೀತಾಯಿತು. ಮುಳ್ಳು ಹೋದ ಮೆಳೆಯ ಎಳೆ ಮೊಳಕೆಗಳನ್ನು ದನ, ಹಂದಿ, ಮುಳ್ಳುಹಂದಿ, ಮುಸಿಯಗಳು ತಿಂದು ಮುಗಿಸುತ್ತಿದ್ದವು. ಬಿದಿರು ತನ್ನ ಮಕ್ಕಳಿಗೆಂದು ಕಟ್ಟಿಕೊಂಡ ಬೇಲಿಯನ್ನು ನಾವೇ ಕಿತ್ತು, ಬಿದಿರು ಕಮ್ಮಿಯಾಯಿತೆಂದು ಜನರ ಮೇಲೆ ತಪ್ಪು ಹೊರಿಸುತ್ತಿದ್ದೆವು.

ಬಿದಿರು ಉಳಿಸುವ ತಿಳಿವಳಿಕೆ ಇದ್ದದ್ದು ಅದನ್ನು ಬಳಸುವವರ ಬಳಿ. ಹಕ್ಕು ಇದ್ದದ್ದು ಬೇರೆಯವರ ಬಳಿ. ಮುಶಿಗೇರಿಯ ಕಡೆ ಕಣಜ ಕಾಣೆಯಾದದ್ದಕ್ಕೂ ದಾಂಡೇಲಿಯ ಈ ಮುಳ್ಳಿಗೂ ನೇರ ಸಂಬಂಧವಿದೆ. ಕಾಡಿನಲ್ಲಿ ಬಿದಿರು ಕಮ್ಮಿಯಾದಂತೆ ಸಂತೆಯಲ್ಲಿ ಗಳದ ಬೆಲೆ ಏರಿತು, ಹೆಡಿಗೆಯ ಬೆಲೆ ಏರಿತು. ಆಗ ಬಂದ ಪ್ಲಾಸ್ಟಿಕ್ ಬುಟ್ಟಿ ಮೊದಲೇ ಬಾಗಿಲು ತೆರೆದಿದ್ದ ಮನೆಗೆ ಕಾಲಿಟ್ಟಿತು.

ಮರವೂ ಹೌದು, ಹುಲ್ಲೂ ಹೌದು

ಕಾನೂನು ಇದರಲ್ಲಿ ತನ್ನ ಪಾಲು ಬೆರೆಸಿದೆ. 1927ರ ಭಾರತೀಯ ಅರಣ್ಯ ಕಾಯ್ದೆ ಮರದ ವ್ಯಾಖ್ಯೆಯೊಳಗೆ ಬಿದಿರನ್ನೂ ಸೇರಿಸಿತ್ತು. ತನ್ನ ಹೊಲದ ಬದುವಿನಲ್ಲಿ ಬೆಳೆದ ಬಿದಿರು ಕಡಿದು ಸಾಗಿಸಲೂ ರೈತ ಪರವಾನಗಿಗೆ ಅಲೆಯಬೇಕಾಗಿತ್ತು; ಹಾಗಾಗಿ ಬೆಳೆಯಲು ಬಹಳ ಮಂದಿ ಹಿಂಜರಿದರು. 2006ರ ಅರಣ್ಯ ಹಕ್ಕು ಕಾಯ್ದೆ ಬಿದಿರನ್ನು ಕಿರು ಅರಣ್ಯ ಉತ್ಪನ್ನವೆಂದು ಹೇಳಿ, ಕಾಡಿನಲ್ಲಿ ನೆಲೆಸಿದವರಿಗೆ ಅದರ ಹಕ್ಕು ಕೊಟ್ಟಿತು. 2011ರಲ್ಲಿ ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಮೇಂಢಾ–ಲೇಖಾ ಗ್ರಾಮಸಭೆ ತನ್ನ ಬಿದಿರನ್ನು ತಾನೇ ಮಾರುವ ಅಧಿಕಾರ ಪಡೆದದ್ದು ದೇಶದಲ್ಲೆಲ್ಲ ಸುದ್ದಿಯಾಯಿತು. 2017ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಸುಗ್ರೀವಾಜ್ಞೆಯ ಮೂಲಕ ಮರದ ವ್ಯಾಖ್ಯೆಯಿಂದ ಬಿದಿರನ್ನು ಕೈಬಿಟ್ಟಿತು. ಕರ್ನಾಟಕಕ್ಕೆ 1963ರ ತನ್ನದೇ ಅರಣ್ಯ ಕಾಯ್ದೆ ಇರುವುದರಿಂದ ಹೊಲದಲ್ಲಿ ಬಿದಿರು ಹಾಕುವ ರೈತರು ಕಡಿದು ಸಾಗಿಸುವ ಮುನ್ನ ವಲಯ ಅರಣ್ಯ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳುವುದು ಕ್ಷೇಮ.

ಈ ಕಾನೂನುಗಳ ಸಾಲಿನಲ್ಲಿ ಬಯಲುಸೀಮೆಯ ಮೇದಾರರು ಎಲ್ಲೂ ಕಾಣುವುದಿಲ್ಲ. ಅರಣ್ಯ ಹಕ್ಕು ಸಿಗುವುದು ಕಾಡಿನಲ್ಲಿ ವಾಸವಿದ್ದವರಿಗೆ. ಇವರು ತಲೆಮಾರುಗಳಿಂದ ಕಾಡಿನ ಬಿದಿರನ್ನೇ ನಂಬಿ, ಕಾಡಿನಿಂದ ದೂರ ಬದುಕಿದವರು. 2017ರ ತಿದ್ದುಪಡಿ ನೆರವಾಗುವುದು ಹೊಲ ಇದ್ದವರಿಗೆ. ಇವರಲ್ಲಿ ಬಹಳ ಮಂದಿಗೆ ಹೊಲವಿಲ್ಲ. ರಾಜ್ಯದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಮೇದರ ಹೆಸರಿದೆ. ಅರಣ್ಯ ಇಲಾಖೆ ಮೇದಾರರಿಗೆ ರಿಯಾಯಿತಿ ದರದಲ್ಲಿ ಬಿದಿರು ಕೊಡುವ ಪದ್ಧತಿಯೂ ಇದೆ, ಅದು ಒಳ್ಳೆಯದೇ. ಆದರೆ ಡಿಪೋಗಳಿಗೆ ಬರುವುದು ಬಹುಪಾಲು ಬಲಿತ ಗಳ. ಹೆಣಿಗೆಗೆ ಬೇಕಾದದ್ದು ಹಸಿ ಬಿದಿರು, ಅದೂ ಒಮ್ಮೆಲೇ ಲಾರಿ ತುಂಬ ಅಲ್ಲ, ವಾರಕ್ಕೆ ಇಷ್ಟಿಷ್ಟು. ದೂರದ ಡಿಪೋದಿಂದ ತರುವಷ್ಟರಲ್ಲಿ ಹಸಿಯೂ ಒಣಗುತ್ತದೆ, ಬಾಡಿಗೆಯೂ ಏರುತ್ತದೆ.

ಹಾಗಾದರೆ ಇಲ್ಲೇ ಬೆಳೆಯಬಹುದೇ? 2018ರಲ್ಲಿ ಹೊಸ ರೂಪ ಪಡೆದ ರಾಷ್ಟ್ರೀಯ ಬಿದಿರು ಮಿಷನ್ ಬಂದ ಮೇಲೆ ಬಿದಿರು ಕೃಷಿಯ ಜಾಹೀರಾತುಗಳು ಎಲ್ಲೆಡೆ ಕಾಣುತ್ತಿವೆ. ಎರೆಭೂಮಿಯ ರೈತರು ಅವನ್ನು ಎಚ್ಚರದಿಂದ ಓದಬೇಕು. ಬಿದಿರಿಗೆ ನೀರು ನಿಲ್ಲುವ ನೆಲ ಆಗದು. ಮಳೆಯಲ್ಲಿ ಕೆಸರಾಗಿ, ಬೇಸಿಗೆಯಲ್ಲಿ ಆಳಕ್ಕೆ ಬಿರಿಯುವ ಎರೆ ಅದಕ್ಕೆ ಒಗ್ಗುವುದು ಕಷ್ಟ. ಹೆಬ್ಬಿದಿರಿಗಂತೂ ಇಲ್ಲಿನ ಮಳೆ ಸಾಲದು. ಕಿರುಬಿದಿರಿನ ವಿಷಯ ಬೇರೆ. ಗಜೇಂದ್ರಗಡದ ಗುಡ್ಡಗಳ ಕಲ್ಲುಮಿಶ್ರಿತ ಇಳಿಜಾರು, ಹಳ್ಳದ ದಂಡೆ, ಕೃಷಿಹೊಂಡದ ಏರಿ, ಕೆರೆಯ ಹಿಂಬದಿಯಂಥ ನೀರು ಬಸಿಯುವ ಜಾಗಗಳಲ್ಲಿ, ಮೊದಲ ಎರಡು–ಮೂರು ಬೇಸಿಗೆ ನೀರುಣಿಸಿ ದನದಿಂದ ಕಾಯ್ದರೆ ಅದು ನಿಲ್ಲುತ್ತದೆ. ಮಣ್ಣು ಕೊಚ್ಚಿಹೋಗದಂತೆ ಬೇರು ಹಿಡಿಯುತ್ತದೆ. ಇಡೀ ಹೊಲಕ್ಕೆ ಬಿದಿರು ಹಾಕಿ ಶ್ರೀಮಂತರಾಗುವ ಮಾತು ಇಲ್ಲಿ ನಡೆಯದು. ಊರಿಗೊಂದಿಷ್ಟು ಮೆಳೆ, ಅದರ ಎಳೆಗಳದ ಮೊದಲ ಹಕ್ಕು ಆ ಸುತ್ತಿನ ಹೆಣಿಗೆಯವರಿಗೆ ಎಂದು ಪಂಚಾಯಿತಿಯೇ ಬರೆದುಕೊಟ್ಟರೆ ಅದು ನಡೆಯುವ ಮಾತು. ಹಳ್ಳದ ದಂಡೆ, ಕೆರೆಯಂಗಳದ ಬಹಳಷ್ಟು ನೆಲ ಊರಿನ ಆಡಳಿತದ ಕೈಯಲ್ಲೇ ಇದೆ.

ಹಾಗೆ ಹಾಕುವವರು ಸಸಿ ಎಲ್ಲಿಯದೆಂದು ಕೇಳಬೇಕು. ಬಿದಿರು ಒಟ್ಟಿಗೇ ಹೂ ಬಿಟ್ಟು ಒಟ್ಟಿಗೇ ಸಾಯುವ ಗಿಡ. ಹೆಬ್ಬಿದಿರಿನ ಸುತ್ತು ನಲವತ್ತರಿಂದ ಐವತ್ತು ವರ್ಷ, ಕಿರುಬಿದಿರಿನದು ಸುಮಾರು ಇಪ್ಪತ್ತೈದರಿಂದ ನಲವತ್ತೈದು. ಕಿರುಬಿದಿರಿನಲ್ಲಿ ಅಲ್ಲೊಂದು ಇಲ್ಲೊಂದು ಮೆಳೆ ನಡುವೆಯೇ ಹೂ ಬಿಡುವುದೂ ಉಂಟು. ಮಿಜೋರಾಮಿನಲ್ಲಿ 1959ರಲ್ಲಿ ಅಲ್ಲಿನ ಬಿದಿರು ಹೂ ಬಿಟ್ಟು, ಕಾಳು ತಿಂದು ಹೆಚ್ಚಿದ ಇಲಿಗಳು ಬೆಳೆಗೆ ನುಗ್ಗಿ, ಬರಗಾಲವೇ ಬಿತ್ತು. ನಮ್ಮ ನಾಗರಹೊಳೆಯ ಸುತ್ತ 2010ರ ನಂತರದ ವರ್ಷಗಳಲ್ಲಿ ಹೆಬ್ಬಿದಿರು ಹೂ ಬಿಟ್ಟು ಒಣಗಿತು. ಆ ಬೀಜದಿಂದ ಎದ್ದವಕ್ಕೆ 2050ರ ದಶಕದವರೆಗೆ ಆಯುಷ್ಯ. ಯಾವಾಗ ಹೂ ಬಿಟ್ಟ ಕಾಡಿನ ಬೀಜ ಎಂದು ತಿಳಿದರೆ ಮೆಳೆ ಎಷ್ಟು ಕಾಲ ಬಾಳೀತೆಂದು ಲೆಕ್ಕ ಹಾಕಬಹುದು. ಬಲಿತ ಮೆಳೆಯ ಗಡ್ಡೆ ಕಿತ್ತು ನೆಟ್ಟರೆ ಗಿಡ ಹೊಸದಾದರೂ ವಯಸ್ಸು ತಾಯಿಯದೇ. ನೆಟ್ಟ ಐದನೇ ವರ್ಷಕ್ಕೇ ಹೂ ಬಿಟ್ಟು ಸತ್ತರೂ ಸತ್ತೀತು. ಬೇರೆಬೇರೆ ಕಾಲದ ಎರಡು–ಮೂರು ಕಡೆಯ ಬೀಜದಿಂದ ಎಬ್ಬಿಸಿದ ಕಿರುಬಿದಿರಿನ ಸಸಿಗಳನ್ನು ಕಲಸಿ ನೆಟ್ಟರೆ ಒಂದು ಗುಂಪು ಹೋದಾಗ ಇನ್ನೊಂದು ಉಳಿದಿರುತ್ತದೆ. ಸಸಿ ಒಯ್ಯುವಾಗ ನರ್ಸರಿಯವರಿಂದ ಬೀಜದ ಊರನ್ನೂ ವರ್ಷವನ್ನೂ ಬರೆಸಿಕೊಂಡು, ಆ ಚೀಟಿಯನ್ನು ಹೊಲದ ಉತಾರದ ಜೊತೆ ಇಟ್ಟುಕೊಳ್ಳಬೇಕು.